ಮೂರನೆಯ ಅಂಗಿ

ಸಾಯುವವನಿಗೆ ಮೂರು ಅಂಗಿ, ಹೀರೋಗೆ ಒಂದೇ ಕೋಟು.
ಇದು ನಮ್ಮ ಕಸುಬಿನ ಲೆಕ್ಕ.
ಮೊದಲ ಸಲ ಗುಂಡು ಸರಿಯಾಗಿ ಸಿಡಿಯದಿದ್ದರೆ
ಎರಡನೆಯದು, ಅದೂ ಕೆಟ್ಟರೆ ಮತ್ತೊಂದು.
ಎದೆಯ ಎಡಕ್ಕೆ, ಜೇಬು ಇರಬೇಕಾದ ಕಡೆ,
ಬಟ್ಟೆಯನ್ನು ಒಳಗಿನಿಂದ ಉಪ್ಪುಕಾಗದದಲ್ಲಿ ಉಜ್ಜಿ
ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಮಾಡುತ್ತೇನೆ.
ಹೊರಗಿನಿಂದ ಗೊತ್ತಾಗಬಾರದು.
ಮಂಡಿ ಮೊಹಲ್ಲಾದ ಈ ಎಂಟಡಿ ಅಂಗಡಿಯಲ್ಲಿ
ಇಪ್ಪತ್ತು ವರ್ಷದಿಂದ ಸಾಯುವವರ ಅಳತೆ
ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ.

ಪಾಲ್ಡೆನ್ ಬಂದದ್ದು ಒಂದು ಗುರುವಾರ,
ಬೈಲಕುಪ್ಪೆಯ ಮೊದಲ ಬಸ್ಸಿಗೆ.
ಎದೆ ಮೂವತ್ತೆಂಟು, ಭುಜ ಹದಿನೇಳೂವರೆ,
ಕೈಯಲ್ಲಿ ಮೆಕ್ಕೆಜೋಳದ ಚೀಲ.
"ಹೊಸ ಬೆಳೆ ಅಕ್ಕಾ, ಸುಟ್ಕೊಂಡು ತಿನ್ನಿ."
ಏನು ಪಾತ್ರ?
"ಚೀನಾದ ಗೂಢಚಾರ. ನಾಲ್ಕನೇ ಸಲ."
ಅವನ ತಾತ ಹಿಮದಲ್ಲಿ ಎರಡು ಬೆರಳು ಬಿಟ್ಟು
ರಾತ್ರಿಯಷ್ಟೇ ನಡೆದು ಕಣಿವೆ ದಾಟಿದ್ದು
ಯಾರಿಂದ ತಪ್ಪಿಸಿಕೊಂಡೋ, ಅವರದೇ ಸಮವಸ್ತ್ರ.
ಕಾಲರಿಗೆ ಗುಂಡುಸೂಜಿ ಚುಚ್ಚುತ್ತ ನಾನು ಸುಮ್ಮನಿದ್ದೆ.
ಅವನೇ ನಕ್ಕ: "ಕಣ್ಣು ಹಿಂಗಿದ್ರೆ ಸಾಕು ಅಕ್ಕಾ,
ಮಿಕ್ಕಿದ್ದು ಅವರೇ ಬರ್ಕೋತಾರೆ."

ಅದೇ ಸಿನಿಮಾಗೆ ಒಂದು ಬುರ್ಖಾ ಕೂಡ ಹೊಲಿದೆ,
ಪಿಸ್ತೂಲು ಹಿಡಿಸುವ ಕಳ್ಳಜೇಬಿನದು.
ಸಹಾಯಕ ನಿರ್ದೇಶಕ, ಮೀಸೆ ಚಿಗುರುತ್ತಿದ್ದ ಹುಡುಗ, ಕೇಳಿದ:
"ನಿಮ್ಮವರ ಬುರ್ಖಾದಲ್ಲಿ ಜೇಬು ಎಲ್ಲಿರುತ್ತೆ ಮೇಡಂ?"
ನನ್ನದನ್ನೇ ತೋರಿಸಿದೆ.
ಅಂಗಡಿಯ ಬೀಗದ ಕೈ, ಅಳತೆ ಟೇಪು,
ಒಂದು ಶುಂಠಿ ಪೆಪ್ಪರ್‌ಮೆಂಟು, ಕರೆಂಟ್ ಬಿಲ್ಲು.
"ಇಷ್ಟೇನಾ?" ಅಂದ.
ಪಾಪ, ಬೇಜಾರಾದಂತಿತ್ತು.

ಲಲಿತಮಹಲಿನ ಮೆಟ್ಟಿಲು ಆ ದಿನ
ಯಾವುದೋ ದೇಶದ ರಾಯಭಾರ ಕಚೇರಿ.
ಬಾಗಿಲಲ್ಲಿ ಕಾವಲಿಗೆ ಇಲುಂಗಾ,
ಮಾನಸಗಂಗೋತ್ರಿಯಲ್ಲಿ ಗಣಿತ ಓದುವ ಕಾಂಗೋದವನು.
ಮಾತಿಲ್ಲ, ಬೀಳುವುದಷ್ಟೇ. ಅವನಿಗೂ ಮೂರು ಅಂಗಿ.
ಊಟದ ಹೊತ್ತಿಗೆ ಬಿಸಿಬೇಳೆಬಾತಿಗೆ
"ಬೂಂದಿ ಇನ್ನೊಂಚೂರು" ಅಂತ ಕೇಳಿ ಹಾಕಿಸಿಕೊಂಡ.

ಪಾಲ್ಡೆನ್‌ಗೆ ಹೇಳಿದರು: "ಚೈನೀಸಲ್ಲಿ ಮಾತಾಡು."
"ಬರಲ್ಲ ಸಾರ್."
"ಏನಾದ್ರೂ. ಕೋಪದಲ್ಲಿ."
ಒಂದು ಕ್ಷಣ ಚಾಮುಂಡಿಬೆಟ್ಟದ ಕಡೆ ನೋಡಿದ,
ಹಲ್ಲು ಕಚ್ಚಿ, ಮೂಗಿನಲ್ಲಿ, ಒಂದೇ ಉಸಿರಿಗೆ
ಏನೋ ಉಗುಳಿದ.
ಓಕೆ ಆಯಿತು.
ಮೊದಲ ಟೇಕಿಗೇ ಚೆನ್ನಾಗಿಯೂ ಸತ್ತ.

ಸಿನಿಮಾ ಬಂತು. ಮುಂದಿನ ಬೆಂಚಿನಲ್ಲಿ ನಾವು:
ಕಾಜಾ ಹಾಕುವ ಸಿದ್ದಲಿಂಗಿ, ಇಸ್ತ್ರಿಯ ಬೋರಯ್ಯ, ನಾನು.
ಪರದೆಯ ಕೆಳಗೆ ಹಳದಿ ಅಕ್ಷರ:
ಒಬ್ಬನನ್ನೂ ಜೀವಂತ ಬಿಡಬೇಡಿ.
ಮೇಲೆ ಪಾಲ್ಡೆನ್, ಕೆಂಡದಂಥ ಮುಖ:
"ಯಲ್ವಾಲ-ಬಿಳಿಕೆರೆ-ಹುಣಸೂರು-ಕಂಪಲಾಪುರ-
ಪಿರಿಯಾಪಟ್ಟಣ-ಬೈಲಕುಪ್ಪೆ!"
ಬಾಲ್ಕನಿಯಲ್ಲಿ ಯಾವನೋ ಕಂಡಕ್ಟರ್ ಇದ್ದನೇನೋ,
ಸೀಟಿ ಊದಿದ: "ರೈಟ್, ರೈಟ್!"
ಇಡೀ ಟಾಕೀಸು ನಕ್ಕಿತು.
ನಾನೂ, ಕಣ್ಣಲ್ಲಿ ನೀರು ಬರುವಷ್ಟು.
ಹೀರೋ ಗುಂಡು ಹಾರಿಸಿದ,
ನಾನು ತೆಳ್ಳಗೆ ಮಾಡಿದ ಜಾಗಕ್ಕೇ, ಕರಾರುವಾಕ್ಕಾಗಿ.
ನಗು ನಿಲ್ಲಲಿಲ್ಲ, ಚಪ್ಪಾಳೆಯಾಯಿತು.
ಬುರ್ಖಾದ ಹುಡುಗಿ ಬಂದಾಗ
ಸಿದ್ದಲಿಂಗಿ ಕತ್ತಲಲ್ಲೇ ನನ್ನ ಕೈ ಹಿಡಿದಳು, ಯಾಕೋ.

ಎರಡು ಅಂಗಿ ಕೆಡದೆ ಉಳಿದವು. ಒಂದನ್ನು ಕಂಪನಿಯವರು ಒಯ್ದರು.
ಮೂರನೆಯದರ ಪಟ್ಟಿ ಬಿಚ್ಚಿ, ಹಿತ್ತಾಳೆ ಗುಂಡಿ ಕಿತ್ತು,
ಸವೆದ ಜಾಗದ ಮೇಲೆ ಒಂದು ಜೇಬು ಕೂರಿಸಿದೆ.
ಜೋಡಿ ಹೊಲಿಗೆ.
ಪಾಲ್ಡೆನ್ ಅದರಲ್ಲಿ ಬಸ್ ಪಾಸ್ ಇಡುತ್ತಾನೆ.
ಮೊನ್ನೆ ಅದನ್ನೇ ತೊಟ್ಟು ಬಂದಿದ್ದ,
ಐದನೇ ಚೀನಾದವನಿಗೆ ಅಳತೆ ಕೊಡಲು.
"ಎಲ್ಲಾ ಸರಿ ಅಕ್ಕಾ, ಜೇಬು ಸ್ವಲ್ಪ ಚಿಕ್ಕದಾಯ್ತು,
ಫೋನ್ ಹಿಡಿಸಲ್ಲ."